ಮಾಳಿಗೆ ಮನೆಗೆ ಸಿಮೆಂಟ್ ಬೇಡ

ಮಾನ್ಯರೇ,

ಕುಷ್ಟಗಿ ಹತ್ತಿರದ ನಮ್ಮೂರಲ್ಲಿ ಮಾಳಿಗೆ ಮನೆಗಳು, ಅಂದರೆ ಮಣ್ಣಿನ ಚಾವಣಿಯ ಮನೆಗಳು, ಒಂದೊಂದೇ ಬೀಳುತ್ತಿವೆ. ಹೊಟ್ಟೆ ಉರಿಯುತ್ತದೆ. ನಮ್ಮದೂ ಅಂಥದ್ದೇ ಮನೆ. ಕಲ್ಲು-ಮಣ್ಣಿನ ದಪ್ಪ ಗೋಡೆ, ಬೇವಿನ ತೊಲೆ, ಮೇಲೆ ಕರಲು (ಚೌಳು) ಮಣ್ಣು. ಬಾಗಿಲು ದಾಟಿದರೆ ಮೊದಲು ಎತ್ತುಗಳ ಗೋದಲಿ, ಆಮೇಲೆ ಎತ್ತರದ ಪಡಸಾಲೆ. ಬೆಳಕಿಂಡಿಯಿಂದ ಬಿಸಿಲು ಕೋಲಿನ ಹಾಗೆ ಒಲೆ ಹತ್ತಿರ ಬೀಳುತ್ತಿತ್ತು. ಅವ್ವ ಅದನ್ನು ನೋಡಿಯೇ ಹೊತ್ತು ಹೇಳುತ್ತಿದ್ದಳು.

ಹತ್ತು ವರ್ಷದ ಹಿಂದೆ ಹೊರಗೋಡೆಗೆ ಸಿಮೆಂಟ್ ಗಿಲಾಯಿ ಮಾಡಿಸಿದೆವು. ತಪ್ಪು ನಮ್ಮದೇ. ಒಳಗಿನ ತೇವಕ್ಕೆ ಹೊರಬರಲು ದಾರಿಯಿಲ್ಲದೆ ಗೋಡೆ ಉಬ್ಬಿತು. ಈಗ ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು. ಬಿರುಕಿನಿಂದ ಮಣ್ಣು ಹಿಟ್ಟಿನಂತೆ ಉದುರುತ್ತದೆ.

ಬ್ರಿಟನ್ನಿನ ವೇಲ್ಸ್‌ನಲ್ಲಿ ಕೆನಿಕ್ಸ್‌ಟನ್ ಅಂತ ಒಂದು ರೈತರ ಮನೆಯಿದೆ. 1610ರಲ್ಲಿ ಕಟ್ಟಿದ್ದು, ಆಮೇಲೂ ಬೆಳೆಸಿದ್ದು. ಹುಲ್ಲಿನ ಚಾವಣಿ. ದೆವ್ವ ಸುಳಿಯದಿರಲಿ ಎಂದು ಗೋಡೆಗೆ ಕೆಂಪು ಬಣ್ಣ. ನಮ್ಮವರ ನಂಬಿಕೆಯೂ ಹೀಗೇ ಅಲ್ವಾ? ಅದನ್ನು ಬಿಚ್ಚಿ ತಂದು, ಕಾರ್ಡಿಫ್ ಬಳಿಯ ಸೇಂಟ್ ಫ್ಯಾಗನ್ಸ್ ವಸ್ತುಸಂಗ್ರಹಾಲಯದಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಜನ ಒಳಗೆ ಹೋಗಿ ನೋಡುತ್ತಾರೆ.

ಕೊಪ್ಪಳ ಜಿಲ್ಲೆಯಲ್ಲೂ ಒಂದು ಮಾಳಿಗೆ ಮನೆಯನ್ನಾದರೂ ಹೀಗೆ ಉಳಿಸಬೇಕು. ಮಾಳಿಗೆ ಮುಚ್ಚುವುದು ಗೊತ್ತಿರುವ ಹಿರಿಯರು ನಮ್ಮೂರಲ್ಲಿ ಇನ್ನೂ ಇಬ್ಬರಿದ್ದಾರೆ. ಅವರಿರುವಾಗಲೇ ಹುಡುಗರಿಗೆ ಕಲಿಸಿ. ಕಲಿಯಲು ನಮ್ಮ ಮನೆಯನ್ನೇ ಬಿಟ್ಟುಕೊಡುತ್ತೇನೆ.

– ಒಬ್ಬ ರೈತ, ಕುಷ್ಟಗಿ ತಾಲ್ಲೂಕು