ಉದ್ಯಮವೇ ಬೇರೆ, ಉದ್ಯಮಶೀಲತೆಯೇ ಬೇರೆ

ಮಾನ್ಯ ಸಂಪಾದಕರೇ,

‘ಸಾಮಾಜಿಕ ಉದ್ಯಮ’ ಮತ್ತು ‘ಸಾಮಾಜಿಕ ಉದ್ಯಮಶೀಲತೆ’ ಎಂಬ ಮಾತುಗಳನ್ನು ಒಂದೇ ಅರ್ಥದಲ್ಲಿ ಬಳಸುವ ರೂಢಿ ಬರಹಗಳಲ್ಲೂ ಭಾಷಣಗಳಲ್ಲೂ ಬೆಳೆದಿದೆ. ಎರಡನೆಯ ಮಾತಿನ ಕೊನೆಯಲ್ಲಿರುವ ‘ಶೀಲತೆ’ ಬರಿಯ ಅಲಂಕಾರವಲ್ಲ. ದಾನಕ್ಕೂ ದಾನಶೀಲತೆಗೂ ಇರುವ ಅಂತರವನ್ನು ನಮ್ಮ ಭಾಷೆ ಬಲ್ಲದು. ಇಲ್ಲಿಯೂ ಅಂಥದೇ ಅಂತರವಿದೆ.

ಸಾಮಾಜಿಕ ಉದ್ಯಮ ಒಂದು ಸಂಸ್ಥೆ. ಸರಕನ್ನೋ ಸೇವೆಯನ್ನೋ ಮಾರಿ ಆದಾಯ ಗಳಿಸುವ, ಉಳಿದ ಲಾಭವನ್ನು ಬಹುಮಟ್ಟಿಗೆ ತನ್ನ ಸಾಮಾಜಿಕ ಉದ್ದೇಶಕ್ಕೇ ಮರಳಿ ತೊಡಗಿಸುವ ವ್ಯವಸ್ಥೆ ಅದು. ಸಾಮಾಜಿಕ ಉದ್ಯಮಶೀಲತೆಯಾದರೋ ಒಂದು ಪ್ರವೃತ್ತಿ: ಎಲ್ಲರೂ ಒಪ್ಪಿಕೊಂಡು ಕೂತ ಸಮಸ್ಯೆಗೆ ಹೊಸ ದಾರಿ ಹುಡುಕಿ, ನಷ್ಟದ ಭಯವಿದ್ದರೂ ಅದನ್ನು ಪ್ರಯೋಗಿಸಿ ನೋಡುವ ಕ್ರಿಯೆ. ಅರ್ಥಶಾಸ್ತ್ರಜ್ಞ ಮುಹಮ್ಮದ್ ಯೂನುಸ್ 1976ರಲ್ಲಿ ಬಾಂಗ್ಲಾದೇಶದ ಜೋಬ್ರಾ ಗ್ರಾಮದ ಬಡವರಿಗೆ ಅಡಮಾನವಿಲ್ಲದೆ ಪುಟ್ಟ ಸಾಲ ಕೊಟ್ಟಾಗ ಅಲ್ಲಿದ್ದದ್ದು ಉದ್ಯಮಶೀಲತೆ ಮಾತ್ರ. ಆ ಪ್ರಯೋಗದಿಂದ ಗ್ರಾಮೀಣ ಬ್ಯಾಂಕ್ ಎಂಬ ಸ್ವತಂತ್ರ ಸಂಸ್ಥೆ ರೂಪುಗೊಂಡದ್ದು 1983ರಲ್ಲಿ. 2006ರ ನೊಬೆಲ್ ಶಾಂತಿ ಪುರಸ್ಕಾರದ ಅರ್ಧ ಭಾಗ ಯೂನುಸ್ ಅವರಿಗೂ ಇನ್ನರ್ಧ ಬ್ಯಾಂಕಿಗೂ ಸಂದಿತು. ಪುರಸ್ಕಾರ ಸಮಿತಿಯ ಮನಸ್ಸಿನಲ್ಲಿ ಈ ಭೇದವಿತ್ತೋ ಇಲ್ಲವೋ, ಆ ಹಂಚಿಕೆಯಂತೂ ಅದಕ್ಕೆ ಒಪ್ಪುವಂತಿದೆ. 2011ರಲ್ಲಿ ಅವರು ವ್ಯವಸ್ಥಾಪಕ ನಿರ್ದೇಶಕರ ಸ್ಥಾನ ಬಿಟ್ಟ ಮೇಲೂ ಬ್ಯಾಂಕ್ ನಡೆಯಿತು.

ಒಂದು ಇದ್ದಲ್ಲಿ ಇನ್ನೊಂದು ಇರಲೇಬೇಕೆಂದಿಲ್ಲ. ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ತರಬೇತಿ ಶಾಲೆಯನ್ನು ಸ್ಥಾಪಿಸಿದ್ದು ಸಾರ್ವಜನಿಕ ದೇಣಿಗೆಯ ನಿಧಿಯಿಂದ. ವ್ಯಾಪಾರದ ಗಂಧವೇ ಇಲ್ಲದಿದ್ದರೂ ಅದು ಉದ್ಯಮಶೀಲತೆಯಲ್ಲದೆ ಮತ್ತೇನು? ಇನ್ನೊಂದೆಡೆ, ಜನ ಕೊಟ್ಟ ಹಳೆಯ ಬಟ್ಟೆಗಳನ್ನು ಮಾರಿ ಅನಾಥರ ಖರ್ಚು ನೋಡಿಕೊಳ್ಳುವ ಅಂಗಡಿ ಹೊಸತೇನನ್ನೂ ಮಾಡದೆ ವರ್ಷಾನುಗಟ್ಟಲೆ ಒಳ್ಳೆಯ ಸಾಮಾಜಿಕ ಉದ್ಯಮವಾಗಿರಬಲ್ಲದು. ಹೊಸತನವಿಲ್ಲವೆಂದು ಅದನ್ನು ಕೀಳಾಗಿ ಕಾಣುವುದು ನನಗೆ ಸರಿಕಾಣುವುದಿಲ್ಲ.

ಕಾನೂನು ಕೈಹಿಡಿಯಬಲ್ಲದ್ದು ಸಂಸ್ಥೆಯನ್ನು ಮಾತ್ರ. ಇಟಲಿ 1991ರಲ್ಲಿ ಸಾಮಾಜಿಕ ಸಹಕಾರ ಸಂಘಗಳಿಗೆ ಪ್ರತ್ಯೇಕ ಕಾನೂನು ತಂದಿತು. ಬ್ರಿಟನ್ನಿನಲ್ಲಿ 2005ರಿಂದ ಇರುವ ಸಮುದಾಯ ಹಿತಾಸಕ್ತಿ ಕಂಪನಿಗಳ ಆಸ್ತಿ ಸಮುದಾಯದ ಹಿತಕ್ಕಲ್ಲದೆ ಬೇರೆಡೆಗೆ ಜಾರದಂತೆ ನಿಯಮವೇ ಬೀಗ ಹಾಕಿದೆ. ಉದ್ಯಮಶೀಲತೆಯನ್ನು ಯಾವ ಕಚೇರಿಯಲ್ಲೂ ನೋಂದಾಯಿಸಲಾಗದು. ಅದನ್ನು ಗುರುತಿಸಬೇಕಾದರೆ ವ್ಯಕ್ತಿಗಳನ್ನೇ ನೋಡಬೇಕು. 1980ರಲ್ಲಿ ಅಮೆರಿಕದ ಬಿಲ್ ಡ್ರೇಟನ್ ಆರಂಭಿಸಿದ, ಸಾಮಾಜಿಕ ಉದ್ಯಮಶೀಲರನ್ನು ಹುಡುಕಿ ಬೆಂಬಲಿಸುವ ಅಶೋಕ ಸಂಸ್ಥೆ ಮಾಡುವುದು ಅದನ್ನೇ.

ಹಣ ಕೊಡುವವರಿಗೆ ಈ ಭೇದ ಪಾಂಡಿತ್ಯದ ಮಾತಲ್ಲ. ಇನ್ನೂ ಪ್ರಯೋಗದ ಹಂತದಲ್ಲಿರುವವರಿಂದ ಮೊದಲ ವರ್ಷವೇ ಲಾಭನಷ್ಟದ ತಖ್ತೆ ಕೇಳಿದರೆ ಪ್ರಯೋಗ ಅಲ್ಲಿಗೇ ಮುರಿಯುತ್ತದೆ. ನೆಲೆಯೂರಿದ ಉದ್ಯಮದಿಂದ ಅದನ್ನು ಕೇಳದೆ ಸ್ಥಾಪಕರ ಕಥೆಗೆ ಮರುಳಾದರೆ ಹಣ ಎತ್ತ ಹರಿಯಿತೆಂಬುದೇ ತಿಳಿಯುವುದಿಲ್ಲ. ಎರಡನೆಯ ತಪ್ಪಿಗೆ ಪತ್ರಿಕೆಗಳ ಪಾಲೂ ಇದೆ ಎನ್ನದೆ ವಿಧಿಯಿಲ್ಲ. ಆದ್ದರಿಂದ ಇಂಥ ಉದ್ಯಮವೊಂದನ್ನು ಪರಿಚಯಿಸುವಾಗ ಸ್ಥಾಪಕರ ಸಂದರ್ಶನದ ಜೊತೆಗೆ ಅದರ ಆದಾಯದಲ್ಲಿ ಮಾರಾಟದ ಪಾಲೆಷ್ಟು, ದೇಣಿಗೆಯ ಪಾಲೆಷ್ಟು, ಉಳಿದ ಲಾಭ ಯಾರ ಕೈಸೇರಿತು ಎಂಬುದನ್ನೂ ತಾವು ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ,
ಓರ್ವ ಓದುಗ