ಹಾರ್ಮೋನ್ ಚಿಕಿತ್ಸೆ: ಮೊದಲ ಇಂಜೆಕ್ಷನ್‌ಗೂ ಮುನ್ನ ತಿಳಿಸಿ

ಮಾನ್ಯ ಸಂಪಾದಕರೆ,

ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದೆ ಎಂದು ತಿಳಿದ ಮೇಲೆ ನಮ್ಮ ತಂದೆಯವರಿಗೆ ಮೂರು ತಿಂಗಳಿಗೊಮ್ಮೆ ಹಾರ್ಮೋನ್ ಇಂಜೆಕ್ಷನ್ ಕೊಡಲು ಆರಂಭಿಸಿದರು. ಈ ಕ್ಯಾನ್ಸರ್‌ನ ಏರಿಳಿತ ತಿಳಿಯಲು ರಕ್ತದಲ್ಲಿ ಅಳೆಯುವ ಪಿಎಸ್‌ಎ ಇಳಿಯಿತು, ಬೆನ್ನುನೋವು ತಗ್ಗಿತು, ಅವರು ಮತ್ತೆ ತೋಟಕ್ಕೆ ಹೋಗಿಬರುವಂತಾದರು. ಆ ಉಪಕಾರವನ್ನು ಮರೆಯಲಾರೆ. ಆದರೆ ಈ ಚಿಕಿತ್ಸೆಯಿಂದ ದೇಹದಲ್ಲಿ ಏನೇನಾಗುತ್ತದೆ ಎಂಬುದನ್ನು ಆಸ್ಪತ್ರೆಯಲ್ಲಿ ಯಾರೂ ನಮಗೆ ಹೇಳಲಿಲ್ಲ.

ಈ ಕ್ಯಾನ್ಸರ್‌ನ ಬೆಳವಣಿಗೆಗೆ ಪುರುಷ ಹಾರ್ಮೋನ್ ಆಸರೆಯಾಗಿದೆ ಎಂಬುದನ್ನು ಷಿಕಾಗೊದ ವೈದ್ಯ ಚಾರ್ಲ್ಸ್ ಹಗಿನ್ಸ್ 1941ರಲ್ಲೇ ತೋರಿಸಿಕೊಟ್ಟರು. 1966ರಲ್ಲಿ ಅವರಿಗೆ ನೊಬೆಲ್ ಬಂತು. ಅಂದು ಆ ಹಾರ್ಮೋನ್ ತಯಾರಿಸುವ ವೃಷಣಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು ಸಾಧಿಸುತ್ತಿದ್ದುದನ್ನೇ ಇಂದು ಇಂಜೆಕ್ಷನ್ ಸಾಧಿಸುತ್ತದೆ. ಟೆಸ್ಟೋಸ್ಟಿರೋನ್ ಎಂಬ ಆ ಪುರುಷ ಹಾರ್ಮೋನ್ ಬಹುಪಾಲು ಇಲ್ಲವಾದಾಗ ಕ್ಯಾನ್ಸರ್ ಜೊತೆಗೆ ಮೂಳೆ, ಸ್ನಾಯು, ಮನಸ್ಸುಗಳೂ ಸೊರಗುತ್ತವೆ.

ತಂದೆಯವರು ನಡುರಾತ್ರಿ ಎದ್ದು, ಬೆವರಿನಿಂದ ತೊಯ್ದ ಬನಿಯನ್ ಬದಲಿಸಿ, ಚಳಿಗಾಲದಲ್ಲೂ ಜಗಲಿಯಲ್ಲಿ ಕೂತು ಅಡಕೆಹಾಳೆಯ ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಒಳಜ್ವರವಿರಬೇಕೆಂದು ತಾಯಿ ಕಷಾಯ ಮಾಡಿಕೊಡುತ್ತಿದ್ದರು. ಮುಟ್ಟು ನಿಲ್ಲುವ ಕಾಲದಲ್ಲಿ ಹೆಂಗಸರಿಗೆ ಆಗುವ ಬಿಸಿ ಬೆವರೇ ಇದು ಎಂದು ಯಾರಾದರೂ ಒಂದು ಮಾತು ಹೇಳಿದ್ದರೆ, ಸ್ವತಃ ಅನುಭವಿಸಿದ್ದ ತಾಯಿಗೆ ತಕ್ಷಣ ಅರ್ಥವಾಗುತ್ತಿತ್ತು. ಮೂರನೆಯ ವರ್ಷ ತಂದೆಯವರು ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿಯಿತು. ಅಲ್ಲಿಯವರೆಗೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯನ್ನು ಒಮ್ಮೆಯೂ ಮಾಡಿಸಿರಲಿಲ್ಲ.

ಆದ್ದರಿಂದ ವೈದ್ಯರಲ್ಲಿ ನನ್ನ ಕಳಕಳಿಯ ವಿನಂತಿಯೆಂದರೆ, ಮೊದಲ ಇಂಜೆಕ್ಷನ್‌ಗೂ ಮುನ್ನ ಹತ್ತು ನಿಮಿಷ ರೋಗಿಯನ್ನೂ ಅವರ ಪತ್ನಿಯನ್ನೂ ಒಟ್ಟಿಗೆ ಕೂರಿಸಿಕೊಂಡು, ಕಾಮಾಸಕ್ತಿ ಕುಗ್ಗುವುದೂ ಸೇರಿದಂತೆ ಎಲ್ಲವನ್ನೂ ಕನ್ನಡದಲ್ಲಿ ಬಿಡಿಸಿ ಹೇಳಬೇಕು. ನಾಚಿಕೆಯಿಂದ ಗಂಡಸರು ತಾವಾಗಿ ಕೇಳುವುದಿಲ್ಲ. ಮೂಳೆಯ ತಪಾಸಣೆ, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ, ಸಕ್ಕರೆ ಕಾಯಿಲೆ ಮತ್ತು ಹೃದಯದ ಮೇಲಿನ ನಿಗಾ, ನಿತ್ಯದ ವ್ಯಾಯಾಮ ಇವಿಷ್ಟನ್ನೂ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಕೊಡಬೇಕು. ಇಂಜೆಕ್ಷನ್ ಖರ್ಚು ಭರಿಸಲಾಗದೆ ನಡುವೆ ಚಿಕಿತ್ಸೆ ಬಿಡುವ ಸ್ಥಿತಿಯವರಿಗೆ, ಒಮ್ಮೆ ಮಾಡಿಸಿದರೆ ಮುಗಿಯುವ ಆ ಹಳೆಯ ಶಸ್ತ್ರಚಿಕಿತ್ಸೆ ಇಂದಿಗೂ ಲಭ್ಯವಿದೆ ಎಂಬುದನ್ನೂ ತಿಳಿಸಬೇಕು.

ಇಂತಿ,
ಒಬ್ಬ ಓದುಗ, ಶಿರಸಿ