ಬಿಸಿಲಿನ ಅಂಕಿಯ ಪಕ್ಕ ತೇವಾಂಶವನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರಿಗೆ,

ನಿಮ್ಮ ಪತ್ರಿಕೆಯ ಹವಾಮಾನದ ಪಟ್ಟಿಯಲ್ಲಿ ತುಮಕೂರಿನ ಎದುರಿಗೆ ದಿನಾ ಎರಡು ಅಂಕಿ ಇರುತ್ತವೆ, ಗರಿಷ್ಠ ಮತ್ತು ಕನಿಷ್ಠ. ಅದರ ಪಕ್ಕದಲ್ಲೇ ತೇವಾಂಶ ಎಷ್ಟು ಅಂತಲೂ ಹಾಕಿ ಎಂದು ಕೇಳಲು ಈ ಪತ್ರ. ಇದೇನು ಸಣ್ಣ ವಿಷಯ ಅನ್ನಿಸಬಹುದು. ಹದಿನೈದು ದಿನದ ಹಿಂದೆ ಆಗಿದ್ದರೆ ನನಗೂ ಹಾಗೇ ಅನ್ನಿಸುತ್ತಿತ್ತು.

ಮೇ ಮೊದಲ ವಾರ, ಭರಣಿ ಮಳೆ ಚೆನ್ನಾಗಿ ಬಿದ್ದ ಮಾರನೇ ದಿನ. ಫೋನಿನಲ್ಲಿ 32 ಡಿಗ್ರಿ ತೋರಿಸುತ್ತಿತ್ತು. ಏಪ್ರಿಲ್‌ನಲ್ಲಿ 36 ಕಂಡವರಿಗೆ 32 ಅಂದರೆ ತಂಪೇ ಅಲ್ವಾ? ಪಕ್ಕದ ಕೋಣೆಯಲ್ಲಿ ಏಸಿ ಇದೆ. ಆದರೆ ಈ ಬಿಸಿಲಿಗೆಲ್ಲ ಏಸಿ ಯಾಕೆ ಅಂದುಕೊಂಡು, 76 ವರ್ಷದ ನಮ್ಮ ಅತ್ತೆಯ ಕೋಣೆಯಲ್ಲಿ ಕೂಲರ್‌ಗೆ ನೀರು ತುಂಬಿಸಿ ಹಾಕಿದೆ, ಸೊಳ್ಳೆ ಬರುತ್ತವೆ ಅಂತ ಕಿಟಕಿ ಮುಚ್ಚಿದೆ, ಬಾಗಿಲು ಎಳೆದುಕೊಂಡು ಕೆಲಸಕ್ಕೆ ಹೋದೆ. ಮಧ್ಯಾಹ್ನ ಮೂರಕ್ಕೆ ಬಂದು ಬಾಗಿಲು ತೆಗೆದರೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಮುಖಕ್ಕೆ ಬಡಿಯಿತು. ದಿಂಬು, ಹೊದಿಕೆ ಎಲ್ಲ ಹಸಿ ಹಸಿ. ಅತ್ತೆಗೆ ತಲೆಸುತ್ತು, ವಾಕರಿಕೆ, ಎದ್ದು ಕೂರಲೂ ಆಗುತ್ತಿರಲಿಲ್ಲ. ಮೈಯೆಲ್ಲ ಬೆವರು, ಆದರೆ ಒಂದು ಹನಿಯೂ ಆರಿರಲಿಲ್ಲ. ಆಟೋ ಹಿಡಿದು ಡಾಕ್ಟರ ಹತ್ತಿರ ಓಡಿದೆವು. ದೇವರ ದಯೆ, ಸಂಜೆಯ ಹೊತ್ತಿಗೆ ಸುಧಾರಿಸಿಕೊಂಡರು.

ಅವತ್ತು ಡಾಕ್ಟರು ಹೇಳಿದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ನಮ್ಮ ಮೈ ತಂಪಾಗುವುದು ಬೆವರು ಬಂದಿದ್ದರಿಂದ ಅಲ್ಲ, ಬೆವರು ಆರಿದ್ದರಿಂದ. ಗಾಳಿಯಲ್ಲಿ ಆಗಲೇ ನೀರು ತುಂಬಿಕೊಂಡಿದ್ದರೆ ಬೆವರು ಆರುವುದು ಎಲ್ಲಿಗೆ? ಹಾಗೇ ಹರಿದು ಕೆಳಗೆ ಬೀಳುತ್ತದೆ, ಶಾಖ ಮೈಯಲ್ಲೇ ಉಳಿಯುತ್ತದೆ. ವಯಸ್ಸಾದವರಿಗೆ ಬಾಯಾರಿಕೆಯೂ ಸರಿಯಾಗಿ ಗೊತ್ತಾಗುವುದಿಲ್ಲ. ಅದರ ಮೇಲೆ ನಮ್ಮ ಅತ್ತೆ ಬಿಪಿಗೆ ತೆಗೆದುಕೊಳ್ಳುವುದು ಮೂತ್ರ ಹೆಚ್ಚು ಹೋಗುವ ಮಾತ್ರೆ. ನೀರು ಎರಡು ಕಡೆಯಿಂದ ಖಾಲಿಯಾಗುತ್ತಿತ್ತು. ಇಂಥ ಮಾತ್ರೆ ತಿನ್ನುವ ಹಿರಿಯರು ನಮ್ಮ ಬೀದಿಯಲ್ಲೇ ಎಷ್ಟು ಮಂದಿ ಇದ್ದಾರೋ.

ಅಂಕಿಯಲ್ಲಿ ನೋಡಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. 32 ಡಿಗ್ರಿ ಇದ್ದು ತೇವಾಂಶ ಶೇ 40 ಇದ್ದರೆ ಮೈಗೆ ಹೆಚ್ಚುಕಡಿಮೆ 33ರ ಹಾಗೆ ತಟ್ಟುತ್ತದೆ. ಅದೇ 32ಕ್ಕೆ ತೇವಾಂಶ ಶೇ 70 ಆದರೆ ಸುಮಾರು 41ರ ಹಾಗೆ! ಪೇಪರಿನಲ್ಲಿ ಎರಡೂ ದಿನ 32 ಅಂತಲೇ ಇರುತ್ತದೆ. ಬಯಲು ಸೀಮೆಯಲ್ಲಿ ಉಷ್ಣಾಂಶ 40 ಮುಟ್ಟಿದರೆ ಮಾತ್ರ ಹವಾಮಾನ ಇಲಾಖೆ ಬಿಸಿಗಾಳಿಯ ಲೆಕ್ಕ ಶುರು ಮಾಡುತ್ತದೆ. ಸಮುದ್ರಕ್ಕಿಂತ 800 ಮೀಟರ್‌ಗೂ ಎತ್ತರದಲ್ಲಿರುವ ನಮ್ಮೂರು ಅಲ್ಲಿಗೆ ಹೋಗುವುದೇ ಅಪರೂಪ. ಹಾಗಾಗಿ ನಮಗೇನೂ ಭಯವಿಲ್ಲ ಅಂದುಕೊಂಡು ಕೂತಿದ್ದೇವೆ. ಮಳೆ ಬಂದ ಮಾರನೇ ದಿನದ ಧಗೆಯ ಬಗ್ಗೆ ಯಾವ ಎಚ್ಚರಿಕೆಯೂ, ಸುದ್ದಿಯೂ ನಮ್ಮ ಕಿವಿಗೆ ಬಿದ್ದಿಲ್ಲ.

ಕೂಲರ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ನಮ್ಮ ಗಾಳಿ ಒಣಗಿರುತ್ತದೆ, ತುಟಿ ಒಡೆಯುತ್ತದೆ, ಒಗೆದ ಬಟ್ಟೆ ಒಂದು ಗಂಟೆಯಲ್ಲಿ ಗರಿಗರಿ. ಆಗ ಕೂಲರ್‌ನಷ್ಟು ಹಿತ ಇನ್ನೊಂದಿಲ್ಲ, ಕರೆಂಟೂ ಕಡಿಮೆ. ಆಗಲೂ ಒಂದು ಕಿಟಕಿ ತೆಗೆದಿರಲೇಬೇಕು. ಆದರೆ ಅಶ್ವಿನಿ, ಭರಣಿ ಮಳೆ ಬಿದ್ದು ನೆಲ ನೆನೆದು ಆಮೇಲೆ ಬಿಸಿಲು ಬಂತು ಅನ್ನಿ, ಕೂಲರ್ ಮಾಡುವ ಕೆಲಸವೇ ತಿರುವುಮುರುವು. ಮೊದಲೇ ಹಸಿ ಇರುವ ಗಾಳಿಗೆ ಅದು ಇನ್ನಷ್ಟು ನೀರು ಬೆರೆಸುತ್ತದೆ. ಏಸಿ ಹಾಗಲ್ಲ, ಗಾಳಿಯಲ್ಲಿರುವ ನೀರನ್ನು ಹಿಂಡಿ ತೆಗೆಯುತ್ತದೆ. ಹೊರಗಿನ ಪೈಪಿನಲ್ಲಿ ತೊಟ್ಟಿಕ್ಕುವುದು ಅದೇ ನೀರು. ರಿಮೋಟಿನಲ್ಲಿ ನೀರಿನ ಹನಿಯ ಚಿತ್ರ ಇರುವ ಡ್ರೈ ಮೋಡ್ ಅಂತ ಒಂದಿದೆ. ತೀರಾ ಬಿಸಿಲಿಲ್ಲದೆ ಬರೀ ಅಂಟಂಟು ಇದ್ದರೆ ಅದೇ ಸಾಕು. ಮೂರು ವರ್ಷದಿಂದ ಮನೆಯಲ್ಲಿರುವ ಏಸಿಯ ಆ ಬಟನ್ನನ್ನು ನಾನು ಒತ್ತಿದ್ದು ಈ ತಿಂಗಳೇ.

ಈಗ ಮನೆಯಲ್ಲಿ ನಾವು ಡಿಗ್ರಿ ನೋಡಿ ಏಸಿ ಹಾಕುವುದನ್ನು ಬಿಟ್ಟಿದ್ದೇವೆ. ಫ್ಯಾನ್ ಕೆಳಗೆ ಹತ್ತು ನಿಮಿಷ ಸುಮ್ನೆ ಕೂತರೂ ಅತ್ತೆಯ ಕುತ್ತಿಗೆ, ಬೆನ್ನಿನ ಬೆವರು ಆರದಿದ್ದರೆ ಏಸಿ. ಆರಿದರೆ ಫ್ಯಾನೇ ಸಾಕು. ಅಷ್ಟೇ. ಅವರು ಮೊದಮೊದಲು "ಏಸಿ ಹಾಕ್ಬೇಡ ಕಣಮ್ಮ, ಮಂಡಿ ಹಿಡ್ಕೊಳ್ಳುತ್ತೆ" ಅನ್ನುತ್ತಿದ್ದರು. ಅದೂ ನಿಜವೇ, ನಾವು ಹಿಂದೆ 20ಕ್ಕೆ ಇಟ್ಟು ಮೇಲೆ ಕಂಬಳಿ ಹೊದ್ದುಕೊಳ್ಳುತ್ತಿದ್ದೆವು! ಈಗ 27ಕ್ಕೆ ಇಟ್ಟು ಫ್ಯಾನನ್ನು ನಿಧಾನಕ್ಕೆ ತಿರುಗಲು ಬಿಡುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಇದೇ. ಹಾಗೆ ಮಾಡಿದರೆ ಕೋಣೆ 4 ಡಿಗ್ರಿ ಕಡಿಮೆ ಇದ್ದಷ್ಟು ತಂಪು ಅನ್ನಿಸುತ್ತದಂತೆ. ಒಂದೊಂದು ಡಿಗ್ರಿ ಏರಿಸಿದಾಗಲೂ ಶೇ 6ರಷ್ಟು ಕರೆಂಟ್ ಉಳಿಯುತ್ತದೆ. ಮಂಡಿ ನೋವಿನ ಮಾತು ಆಮೇಲೆ ಬಂದಿಲ್ಲ.

ಕರೆಂಟ್ ಬಿಲ್ಲಿನ ವಿಷಯ ಹೇಳದಿದ್ದರೆ ಈ ಪತ್ರ ಪೂರ್ತಿಯಾಗುವುದಿಲ್ಲ, ಯಾಕೆಂದರೆ ನಾನು ಅವತ್ತು ಏಸಿ ಹಾಕದೇ ಇದ್ದದ್ದಕ್ಕೆ ಅರ್ಧ ಕಾರಣ ಬಿಲ್ಲಿನ ಹೆದರಿಕೆಯೇ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನಮ್ಮಂಥ ಮನೆಗಳಲ್ಲಿ ಎಲ್ಲರ ಕಣ್ಣೂ 200 ಯೂನಿಟ್ ಗೆರೆಯ ಮೇಲೆ. ನಮಗೆ ನಿಗದಿಯಾದ ಯೂನಿಟ್ ದಾಟಿದರೆ ಹೆಚ್ಚಾದಷ್ಟಕ್ಕೆ ಮಾತ್ರ ಹಣ, 200 ದಾಟಿದರೆ ಪೂರ್ತಿ ಬಿಲ್ ನಮ್ಮದೇ. ಅದಕ್ಕೇ ಏಸಿ ಅಂದರೆ ಬೆಚ್ಚಿಬೀಳುತ್ತೇವೆ. ಆದರೆ ಲೆಕ್ಕ ಹಾಕಿ ನೋಡಿ. ನಮ್ಮ ಮನೆಯ ಖರ್ಚು ತಿಂಗಳಿಗೆ 90 ಯೂನಿಟ್ ಆಸುಪಾಸು. ಒಂದು ಟನ್ ಏಸಿಗೆ ಗಂಟೆಗೆ ಜಾಸ್ತಿ ಅಂದರೆ ಒಂದು ಯೂನಿಟ್ ಅಂತ ಇಟ್ಟುಕೊಳ್ಳಿ. ಮಧ್ಯಾಹ್ನ ದಿನಾ ಮೂರು ಗಂಟೆ ಹಾಕಿದರೆ ತಿಂಗಳಿಗೆ 90, ಒಟ್ಟು 180. ಗೆರೆಯ ಒಳಗೇ ಇದ್ದೇವೆ. ರಾತ್ರಿಯಿಡೀ ಎಂಟು ಗಂಟೆ ಹಾಕಿದರೆ ಮಾತ್ರ ಕೈಮೀರುತ್ತದೆ.

ನಮ್ಮೂರಲ್ಲಿ ರಾತ್ರಿಯಿಡೀ ಏಸಿ ಬೇಕಾದ ದಿನ ತೀರಾ ಕಡಿಮೆ ಅಂತ ನನ್ನ ಅನುಭವ. ಕಡು ಬೇಸಿಗೆಯಲ್ಲೂ ಬೆಳಗಿನ ಜಾವ ದೇವರಾಯನದುರ್ಗದ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತದೆ. ಕಷ್ಟ ಇರುವುದು ರಾತ್ರಿ ಹತ್ತರವರೆಗೆ. ಹಗಲೆಲ್ಲ ಕಾದ ಆರ್‌ಸಿಸಿ ಮಾಳಿಗೆ ಆಗ ಶಾಖವನ್ನು ಒಳಗೆ ಬಿಡುತ್ತಿರುತ್ತದೆ. ಹೊರಗೆ ನಿಂತರೆ ಹಾಯಾಗಿರುತ್ತದೆ, ಒಳಗೆ ಬೇಯುತ್ತೇವೆ. ಅಂಥ ಹೊತ್ತಲ್ಲಿ ಏಸಿ ಹಾಕಿ ಗುದ್ದಾಡುವ ಬದಲು ಎದುರುಬದುರು ಕಿಟಕಿಗಳಿಗೆ ಸೊಳ್ಳೆ ಜಾಲರಿ ಹಾಕಿಸಿ ತೆಗೆದಿಟ್ಟರೆ ಎಷ್ಟೋ ವಾಸಿ. ಮಾಳಿಗೆಗೆ ದಪ್ಪಗೆ ಸುಣ್ಣ ಬಳಿದ ಮೇಲೆ ನಮ್ಮ ಮೇಲಿನ ಕೋಣೆಗೆ ತುಂಬ ವ್ಯತ್ಯಾಸ ಆಗಿದೆ.

ಇನ್ನೊಂದು ಮಾತು. ಪಾವಗಡದ ತಿರುಮಣಿ ಕಡೆ 2050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆಯಲ್ಲ, ನಮ್ಮದೇ ಜಿಲ್ಲೆಯದು. ಮಧ್ಯಾಹ್ನ ಅಂದರೆ ಅಲ್ಲಿ ಕರೆಂಟ್ ಜಾಸ್ತಿ ಹುಟ್ಟುವ ಹೊತ್ತು. ಸೂರ್ಯ ಮುಳುಗಿದ ಮೇಲೆ ಅದು ನಿಲ್ಲುತ್ತದೆ, ಆ ಹೊತ್ತಿಗೇ ಊರೆಲ್ಲ ಒಟ್ಟಿಗೆ ಸ್ವಿಚ್ ಹಾಕುತ್ತದೆ, ನಮ್ಮ ಬೀದಿಯಲ್ಲಿ ವೋಲ್ಟೇಜ್ ಬಿದ್ದು ಟ್ಯೂಬ್‌ಲೈಟ್ ಮಿಣಮಿಣ ಅನ್ನುತ್ತದೆ. ಮುದುಕರಿಗೆ, ಎಳೆ ಕೂಸುಗಳಿಗೆ, ಬಸುರಿಯರಿಗೆ ಏಸಿ ಬೇಕಾಗುವುದೂ ಮಧ್ಯಾಹ್ನವೇ. ಆಗ ಹಾಕುವುದಕ್ಕೆ ಯಾರೂ ಸಂಕೋಚ ಪಡಬೇಕಾಗಿಲ್ಲ. ಏಸಿ ಶೋಕಿಯ ವಸ್ತು, ಉಳ್ಳವರ ವಸ್ತು ಅನ್ನುವ ಮಾತು ನಮ್ಮ ಮನೆಯಲ್ಲೂ ಇತ್ತು. ಆ ಮಾತಿಗೆ ಕಟ್ಟುಬಿದ್ದೇ ನಾನು ಪಕ್ಕದ ಕೋಣೆಯ ಏಸಿ ಬಿಟ್ಟು ಅತ್ತೆಯನ್ನು ಆ ಹಬೆಯಲ್ಲಿ ಮಲಗಿಸಿದೆ. ಅದು ಈಗಲೂ ಹೊಟ್ಟೆಯಲ್ಲಿ ಚುಚ್ಚುತ್ತದೆ.

ಆದ್ದರಿಂದ ಸಂಪಾದಕರೇ, ತುಮಕೂರು, ತಿಪಟೂರು, ಶಿರಾ, ಪಾವಗಡ, ಮಧುಗಿರಿ, ಯಾವ ಊರಿನದು ಸಿಗುತ್ತದೋ ಆ ಊರಿನ ಮಧ್ಯಾಹ್ನದ ತೇವಾಂಶವನ್ನು ಪಟ್ಟಿಯಲ್ಲಿ ಸೇರಿಸಿ. ಜೊತೆಗೆ ಮೈಗೆ ಎಷ್ಟು ಡಿಗ್ರಿಯ ಹಾಗೆ ತಟ್ಟುತ್ತದೆ ಅನ್ನುವ ಅಂಕಿಯನ್ನೂ ಸ್ವಲ್ಪ ದಪ್ಪ ಅಕ್ಷರದಲ್ಲಿ ಹಾಕಿದರೆ ಕನ್ನಡಕ ಮರೆತವರಿಗೂ ಕಾಣುತ್ತದೆ. ಫೋನಿನಲ್ಲಿ ಎಲ್ಲ ಸಿಗುತ್ತದೆ ಅನ್ನಬೇಡಿ. ನಮ್ಮ ಅತ್ತೆ ಫೋನ್ ನೋಡುವುದಿಲ್ಲ. ಬೆಳಗ್ಗೆ ಕಾಫಿ ಹಿಡಿದು ಜಗಲಿಯಲ್ಲಿ ಕೂತು ನಿಮ್ಮ ಪತ್ರಿಕೆ ಬಿಡಿಸಿದರೆ ಮೊದಲು ಪಂಚಾಂಗ, ಆಮೇಲೆ ಆ ಹವಾಮಾನದ ಪಟ್ಟಿ. ಇಷ್ಟರಲ್ಲೇ ರೋಹಿಣಿ ಮಳೆ ಶುರುವಾಗುತ್ತದೆ, ಅದರ ಒಳಗೆ ಆದರೆ ಬಹಳ ಉಪಕಾರವಾಗುತ್ತದೆ.

– ಓದುಗರೊಬ್ಬರು, ಕ್ಯಾತ್ಸಂದ್ರ, ತುಮಕೂರು